ಬೇರೆ ಒಲೆ

ನಮ್ಮ ಉಳವಪ್ಪ ಕಾಕಾ ಬೆಳಗಾವಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ರವಿವಾರ ಮುಂಜಾನೆ ಶಿವಬಸವ ನಗರದ ಅವರ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕಾಲೇಜಿನ ಹುಡುಗರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಕಾಕಾ ಗೋಡೆಗೆ ಒರಗಿ ಅವರಿಗೆ ಮಾರ್ಕ್ಸ್‌ವಾದ ಹೇಳುತ್ತಿದ್ದರು. ಎಪ್ಪತ್ನಾಲ್ಕರ ಆ ಮಳೆಗಾಲದಲ್ಲಿ ಅವರು ಕುಟುಂಬದ ವಿಷಯ ಹಿಡಿದಿದ್ದರು.

"ಕುಟುಂಬ ಅಂದ್ರ ಏನು? ಪ್ರೀತಿ, ಮಮತಾ, ಅದೆಲ್ಲ ಮ್ಯಾಲಿನ ಬಣ್ಣ. ಒಳಗ ಇರೂದು ಆಸ್ತಿ. ನನ್ನ ಆಸ್ತಿ ನನ್ನ ಮಗಗ ಹೋಗಬೇಕು, ಹೊರಗಿನವರಿಗೆ ಹೋಗಬಾರ್ದು ಅಂತ ಮನುಷ್ಯಾ ಕಟ್ಟಿದ ಗ್ವಾಡಿ ಇದು. ಆ ಗ್ವಾಡಿ ಒಳಗ ಹೆಣ್ಣು ಪಗಾರ ಇಲ್ಲದ ಕೂಲಿಕಾರ್ತಿ. ಆಕಿ ಬೇಯಿಸಿ ಹಾಕಿದ್ರ ಗಂಡಸು ನಾಳೆ ಕೆಲಸಕ್ಕ ಹೋಗ್ತಾನ. ಆಕಿ ಹಡದು ಬೆಳಸಿದ್ರ ಮಾಲಕಗ ಮುಂದಿನ ಪೀಳಿಗಿ ಕೂಲಿ ಸಿಗ್ತಾನ. ಇದರ ಪಗಾರ ಯಾರ ಕೊಡ್ತಾರ, ಹೇಳ್ರಿ?"

ಹುಡುಗರು ತಲೆದೂಗುತ್ತಿದ್ದರು. ಆಗ ಕಾಕಾ ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕೇಳುತ್ತಿದ್ದರು: "ನೀಲಾ, ಚಾ ಆತೇನು?"

ನೀಲಾ ಅಂದರೆ ನಾನು, ಅವರ ಸತ್ತ ಅಣ್ಣ ಬಸಲಿಂಗಪ್ಪನ ಒಬ್ಬಳೇ ಮಗಳು. ಕಾಲೇಜು ಕಲಿಯಲಿಕ್ಕೆ ಅಂತ ನಂದಗಡದಿಂದ ಕರೆತಂದು ಇಟ್ಟುಕೊಂಡಿದ್ದರು. ಕಲಿಯುವುದು ನಡುವೆ ಬಿಡುವು ಸಿಕ್ಕಾಗ. ನಸುಕಿನಲ್ಲಿ ಎದ್ದು ನಳದ ನೀರು ಹಿಡಿಯುವುದು, ಸ್ಟೋವಿಗೆ ಗಾಳಿ ಹೊಡೆಯುವುದು, ಕಾಕಾನ ಖಾದಿ ಜುಬ್ಬಾ ಒಗೆದು ನೀಲಿ ಹಾಕುವುದು ನನ್ನ ಪಾಲು. ಉಳಿದದ್ದು ಕಾಕಾನ ಹೆಂಡತಿ ಚಂದ್ರವ್ವ ಕಾಕುವಿನ ಪಾಲು. ಕಾಕು ಕೆಟ್ಟವಳಲ್ಲ, ಮಾತು ಕಡಿಮೆ, ಅಷ್ಟೆ. ನನ್ನನ್ನು ಆ ಮನೆಯಲ್ಲಿ ಯಾರೂ ಆಳು ಎನ್ನಲಿಲ್ಲ. ಆಳು ಅಂದರೆ ಪಗಾರ ಕೊಡಬೇಕಾಗುತ್ತಿತ್ತು. ಮಗಳು ಎನ್ನುತ್ತಿದ್ದರು. ಮಗಳು ಅಗ್ಗ.

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಮಾತು ನನಗೂ ಗೊತ್ತಿತ್ತು. ಆದರೂ ಆ ಪುರಾಣ ನನಗೆ ಹಿಡಿಸಿತ್ತು. ಅವರು ಮಾತಾಡುವಾಗ ಸ್ಟೋವಿನ ಸದ್ದು ಇಳಿಸಿ, ಬಾಗಿಲ ಮರೆಗೆ ನಿಂತು ಕೇಳುತ್ತಿದ್ದೆ. ಪಗಾರ ಇಲ್ಲದ ಕೂಲಿಕಾರ್ತಿ ಅಂದಾಗೆಲ್ಲ ನಂದಗಡದಲ್ಲಿರುವ ನಮ್ಮ ಅವ್ವ ಕಣ್ಣ ಮುಂದೆ ಬರುತ್ತಿದ್ದಳು. ಅಪ್ಪ ಸತ್ತಾಗ ನಾನು ಕೈಗೂಸು. ಅಂದಿನಿಂದ ಅವ್ವ ದೊಡ್ಡಪ್ಪ ಗುರುಪಾದಪ್ಪನ ತುಂಬಿದ ಮನೆಗೆ ಬೇಯಿಸಿದಳು, ಹೆಂಡಿ ಬಳಿದಳು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಚ್ಚಿದಳು. ಎಲ್ಲರೂ ಉಂಡಾದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ಅವಳದು. ಇದಕ್ಕೆ ಮನೆಯವರೆಲ್ಲ ಒಂದು ಹೆಸರಿಟ್ಟಿದ್ದರು: "ನಿಂಗವ್ವನ್ನ ನಾವು ಸಾಕೇವಿ."

ಇಂಥ ಅವ್ವನ ಸಲುವಾಗಿ ಮಾತಾಡುವವರು ಜಗತ್ತಿನಲ್ಲಿ ಒಬ್ಬರಿದ್ದಾರೆ, ಅವರು ನಮ್ಮ ಕಾಕಾ ಎಂದು ನಂಬಿದ್ದೆ. ನನ್ನ ನಂಬಿಗೆಗಿಷ್ಟು ಬೆಂಕಿ ಬೀಳಲಿ.

ಒಂದು ದಿನ ದೊಡ್ಡಪ್ಪ ಖಾನಾಪುರದ ಬಸ್ಸಿನಿಂದ ಇಳಿದು, ಒಂದು ಚೀಲ ಅಕ್ಕಿ ಹೊರಿಸಿಕೊಂಡು ಮನೆಗೆ ಬಂದ. ಹಣೆಯ ತುಂಬ ವಿಭೂತಿ, ಮುಖ ಸಪ್ಪಗೆ. ಸರಕಾರದ ಹೊಸ ಕಾಯ್ದೆ ಬಂದಿತ್ತು. ಒಂದು ಮನೆತನ ಇಂತಿಷ್ಟೇ ಜಮೀನು ಇಟ್ಟುಕೊಳ್ಳಬೇಕು, ಹೆಚ್ಚಿನದು ಭೂಮಿ ಇಲ್ಲದವರಿಗೆ ಹೋಗಬೇಕು, ಪಾಲಿಗೆ ಮಾಡುವವನ ಹೊಲ ಮಾಡುವವನಿಗೇ ಆಗಬೇಕು. ನಮ್ಮ ಮನೆತನದ್ದು ಕೂಡಿದ ಆಸ್ತಿ, ಬೇಕಾದಷ್ಟು ಗದ್ದೆ. "ಮುಳುಗಿದ್ವೋ ತಮ್ಮಾ," ಎಂದ ದೊಡ್ಡಪ್ಪ.

ನಾನು ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತೆ. ಈಗ ಕಾಕಾ ಹೇಳುತ್ತಾರೆ, ಕೊಟ್ಟುಬಿಡು ಅಣ್ಣಾ, ಉಳುವವರ ಭೂಮಿ ಉಳುವವರಿಗೆ ಹೋಗಲಿ ಅನ್ನುತ್ತಾರೆ ಎಂದು ಕಾಯುತ್ತಿದ್ದೆ.

ಕಾಕಾ ಚಷ್ಮಾ ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. "ಅಣ್ಣಾ, ಚೌಕಶಿ ಮಾಡಾಕ ಬರೂ ಕಂದಾಯದ ಸರ್ಕಲ್ ಸಾಹೇಬ ಏನ ನೋಡ್ತಾನ? ಒಲಿ ನೋಡ್ತಾನ."

ಅದು ನಮ್ಮ ಕಡೆಯ ರೂಢಿ. ಅಣ್ಣತಮ್ಮಂದಿರು ಕೂಡಿದ್ದಾರೋ ಬೇರೆಯಾಗಿದ್ದಾರೋ ಎಂದು ತಿಳಿಯಬೇಕಾದರೆ 'ನಿಮ್ಮ ಮನ್ಯಾಗ ಒಲಿ ಎಷ್ಟು?' ಎಂದು ಕೇಳುತ್ತಾರೆ. ಒಂದು ಒಲೆ ಅಂದರೆ ಒಂದು ಮನೆತನ. ಒಲೆ ಬೇರೆಯಾದರೆ ಪಾಲೂ ಬೇರೆ.

"ಬಸಲಿಂಗಣ್ಣ ಇದ್ದಾಗನ ಬಾಯಿಮಾತಿನ ವಾಟ್ನಿ ಆಗೈತಿ, ಆಸ್ತಿ ಪಾಲಾಗೈತಿ ಅಂತ ಬರಸೂಣು," ಎಂದರು ಕಾಕಾ. "ನಿಂದೊಂದು ಪಾಲು, ನಿನ್ನ ಮಗಾ ಗುರುಪುತ್ರಂದೊಂದು, ನಂದೊಂದು, ಬಸಲಿಂಗಣ್ಣನ ಪಾಲು ನಿಂಗವ್ವ ವೈನಿ ಹೆಸರಿಗೆ. ಹಳೇ ಒಲಿ ನಿನಗ ಇರ್ಲಿ. ಹೊಸಾವು ಮೂರು ಹಾಕ್ಸು. ಆರ್ಡರ್ ಆದ ಮರುದಿನ ಒಡದು ಒಗದ್ರ ಮುಗೀತು."

"ಜಮೀನಿನ ಉತಾರದಾಗ ಹೆಸರು ಏರಿದ್ರ ಇಳಸೂದು ಹೆಂಗ?" ಎಂದ ದೊಡ್ಡಪ್ಪ.

"ವೈನಿ ಕಡೆಯಿಂದ ಒಂದು ಸಹಿ ತಗೊಂಡ್ರ ಆತು, ಪಾಲು ಬಿಟ್ಟುಕೊಟ್ಟೇನಿ ಅಂತ. ಅದೇನ ದೊಡ್ಡ ಮಾತು? ಆದ್ರ ಒಂದು ಒಲಿಮ್ಯಾಲೆ ಖರೇನ ಅಡಗಿ ಆಗಬೇಕು. ಓಣಿ ಮಂದಿ ನೋಡ್ಬೇಕು, ಗ್ವಾಡಿಗೆ ಹೊಗಿ ಹತ್ತಬೇಕು."

ದೊಡ್ಡಪ್ಪ ತಲೆ ಕೆರೆದುಕೊಂಡ. "ಸೊಸಿ ಕೈಯಾಗ ಬ್ಯಾರೆ ಒಲಿ ಕೊಟ್ರ ಆಕಿಗೆ ರುಚಿ ಹತ್ತತೈತಿ. ನಾಳೆ ಮಗನ್ನ ಕರ್ಕೊಂಡು ಖರೇನ ಬ್ಯಾರೆ ಹೊಂಟ್ರ?"

"ನಿಂಗವ್ವ ವೈನಿಗೆ ಹಚ್ಚು," ಎಂದರು ಕಾಕಾ. "ಗಂಡಿಲ್ಲ, ಗಂಡ್ಮಗಿಲ್ಲ. ಆಕಿ ಎಲ್ಲಿ ಹೋಗ್ತಾಳ?"

ಚಹಾದ ತಾಟು ಚಾಪೆಯ ಮೇಲೆ ಕುಕ್ಕಿದೆ. ದೊಡ್ಡಪ್ಪ ಬಚ್ಚಲಿಗೆ ಹೋದಾಗ ನಾನು ಕೇಳಿಯೇಬಿಟ್ಟೆ: "ಕಾಕಾ, ರವಿವಾರ ನೀವ ಹೇಳಿದ್ರಲ್ರಿ, ಆಸ್ತಿ ಕಾಯಾಕ ಕಟ್ಟಿದ ಗ್ವಾಡಿ ಅಂತ?"

"ಅದು ಸಿದ್ಧಾಂತ, ನೀಲಾ," ಎಂದರು ಕಾಕಾ ಚಹಾ ಎತ್ತಿಕೊಳ್ಳುತ್ತ. "ಇದು ಮನಿ."

ದೀಪಾವಳಿಯ ಸೂಟಿಗೆ ನಂದಗಡಕ್ಕೆ ಹೋದಾಗ ಒಲೆ ಹಾಕುವ ಕೆಲಸ ನಡೆದಿತ್ತು. ಕೆರೆಯ ಮಣ್ಣು ತಂದು, ಭತ್ತದ ಹೊಟ್ಟು ಕಲಸಿ, ಅವ್ವನೂ ಭೀಮಕ್ಕನೂ ಸೇರಿ ತುಳಿಯುತ್ತಿದ್ದರು. ಭೀಮಕ್ಕ ಕುರುಬರ ಕರೆಪ್ಪನ ಹೆಂಡತಿ. ಹಳ್ಳದ ದಂಡೆಯ ನಮ್ಮ ಹೊಲವನ್ನು ಕರೆಪ್ಪನ ಅಪ್ಪನ ಕಾಲದಿಂದ ಅವರೇ ಪಾಲಿಗೆ ಮಾಡುತ್ತ ಬಂದವರು. ಹೊಸ ಕಾಯ್ದೆಯ ಪ್ರಕಾರ ಅದು ಅವರಿಗೇ ಹೋಗಬೇಕಾಗಿತ್ತು. ದೊಡ್ಡಪ್ಪ ಉಪಾಯಗಾರ. ಆ ಹೊಲವನ್ನು ಬೇಕಂತಲೇ ಅವ್ವನ ಪಾಲಿಗೆ ಬರೆಸಿದ್ದ. ಗತಿ ಇಲ್ಲದ ಹೆಣ್ಣುಮಗಳ ಹೊಲ, ಆಕೆಯೇ ಮಾಡಿಸುತ್ತಾಳೆ ಅಂದರೆ ಯಾವ ಸಾಹೇಬನ ಮನಸ್ಸೂ ಕರಗುತ್ತದೆ ಎಂಬ ಲೆಕ್ಕ.

ಇದೆಲ್ಲ ಭೀಮಕ್ಕನಿಗೆ ತಿಳಿಯದೆ ಇರಲಿಲ್ಲ. ಆಕೆ ಮಣ್ಣಿನ ಮುದ್ದೆ ಎತ್ತಿ ಧಪ್ ಎಂದು ನೆಲಕ್ಕೆ ಬಡಿದಳು.

"ನಿಂಗವ್ವಾರ, ನಿಮ್ಮ ಮನ್ಯಾಗ ಒಲಿ ನಾಕು ಆಕ್ಕಾವು. ನಮ್ಮ ಮನ್ಯಾಗ ಇದ್ದದ್ದೊಂದು ಆರ್ತೈತಿ. ನಮ್ಮದನ್ನ ಆರಸೂ ಒಲಿಗೆ ಮಣ್ಣು ತುಳ್ಯಾಕತ್ತಾಕೀನೂ ನಾನ."

ಅವ್ವನ ಕಾಲು ಮಣ್ಣಿನಲ್ಲಿ ಹಾಗೆಯೇ ನಿಂತುಬಿಟ್ಟಿತು.

ಗುರುಪುತ್ರಪ್ಪನ ಒಲೆ ನಡುಮನೆಯಲ್ಲಿ, ಕಾಕಾನ ಒಲೆ ಕಣಜದ ಬಾಜು, ಅವ್ವನ ಒಲೆ ಹಿತ್ತಲ ಮಾಡಿನ ಕೆಳಗೆ. ಮಣ್ಣು ಒಣಗಿದ ಮೇಲೆ ಗುರುಪುತ್ರಪ್ಪ ಹಳೆಯ ಹಂಚಿನ ಮಸಿ ಕೆರೆದು, ಎಣ್ಣೆಯಲ್ಲಿ ಕಲಸಿ, ತನ್ನ ಒಲೆಗೂ ಕಾಕಾನ ಒಲೆಗೂ ಬಳಿದ. ಹುಟ್ಟಿದ ಮರುದಿನವೇ ಆ ಒಲೆಗಳು ಮುಪ್ಪಾದವು. ಅವ್ವ ತನ್ನ ಒಲೆಗೆ ಮಸಿ ಮುಟ್ಟಿಸಗೊಡಲಿಲ್ಲ. ಸಾರಿಸಿ, ವಿಭೂತಿ ಹಚ್ಚಿ, ಸಣ್ಣ ಚರಗಿಯಲ್ಲಿ ಹಾಲಿಟ್ಟು ಉಕ್ಕಿಸಿದಳು.

ದೊಡ್ಡವ್ವ ಶಿವಲಿಂಗವ್ವ ಬಾಗಿಲಲ್ಲಿ ನಿಂತು ನಕ್ಕಳು. "ಏ, ಆಟದ ಒಲಿಗೆ ಹಾಲ ಉಕ್ಕಸ್ತಾಳ ನೋಡ್ರಿ!"

ಅವತ್ತು ಅವ್ವ ಅದೇ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿದಳು. ಮೊದಲ ರೊಟ್ಟಿ ಉಬ್ಬಿತು. ರೂಢಿಯಂತೆ ಬುಟ್ಟಿಗೆ ಹಾಕಲು ಕೈ ಚಾಚಿದಳು. ಬುಟ್ಟಿ ಇರಲಿಲ್ಲ, ಕಾಯುವ ಗಂಡಸರೂ ಇರಲಿಲ್ಲ. ಅವಳು ಆ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು, ಅರ್ಧ ತಾನು ಬಾಯಿಗಿಟ್ಟಳು. ಚಟ್ನಿಯೂ ಹಚ್ಚಿಕೊಳ್ಳಲಿಲ್ಲ.

"ಬಿಸಿ ರೊಟ್ಟಿ ಹಿಂಗ ಇರ್ತೈತಲಾ," ಎಂದಳು.

ನನಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಸಾವಿರಗಟ್ಟಲೆ ರೊಟ್ಟಿ ಬಡಿದ ಕೈ ಅದು. ಅದರ ರುಚಿ ಹೇಗಿರುತ್ತದೆ ಎಂಬುದು ಅವಳಿಗೆ ಮರೆತುಹೋಗುವಂತೆ ಮಾಡಿದವರು ಹೊರಗೆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

ಆಮೇಲೆ ದೊಡ್ಡ ಅಡುಗೆಮನೆಯ ಗತಿ ನೋಡಬೇಕಿತ್ತು. ಆಳುಗಳ ಬುತ್ತಿ ಹೊತ್ತಿಗೆ ಆಗಲಿಲ್ಲ. ಅನ್ನ ಹೊತ್ತಿತು. ದೊಡ್ಡವ್ವನ ಮೊಣಕಾಲು ಹಿಡಿದವು. ಸಾಕಿದವರು ಯಾರು, ಸಾಕಿಸಿಕೊಂಡವರು ಯಾರು ಎಂಬುದು ಒಂದೇ ವಾರದಲ್ಲಿ ಮನೆಯ ನೊಣಕ್ಕೂ ತಿಳಿಯಿತು. ದೊಡ್ಡವ್ವ ಹಿತ್ತಲಿಗೆ ಬಂದು, "ನಿಂಗವ್ವಾ, ಸ್ವಲ್ಪ ಕೈ ಹಚ್ಚ ಬಾ," ಎಂದು ಕರೆದಳು.

"ನಾ ಬ್ಯಾರೆ ಅದೇನ್ರಿ ಅಕ್ಕಾ," ಎಂದಳು ಅವ್ವ ತಣ್ಣಗೆ. "ಮಂದಿ ನೋಡ್ತಾರ. ಭಾವನವರ ಹೇಳ್ಯಾರಲ್ರಿ."

ಸರ್ಕಲ್ ಸಾಹೇಬ ಬಂದದ್ದು ಸುಗ್ಗಿ ಮುಗಿದ ಮೇಲೆ. ಕಾಕಾ ನನ್ನನ್ನೂ ಕರೆದುಕೊಂಡು ಬೆಳಗಾವಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಸಾಹೇಬ ಸಣ್ಣ ಮೈಯ, ಚುರುಕು ಕಣ್ಣಿನ ಮನುಷ್ಯ. ಗುರುಪುತ್ರಪ್ಪನ ಒಲೆಯ ಮುಂದೆ ಕೂತು ಮೇಲಿನ ಗೋಡೆ ನೋಡಿದ. ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು. ಒಲೆಯ ಕೋಡು ಸವರಿ ಬೆರಳು ನೋಡಿಕೊಂಡ. ಬೆರಳಿಗೆ ಎಣ್ಣೆ ಹತ್ತಿತ್ತು.

"ಈ ಒಲಿ ಸೋಮಾರ ಒಂದೊಪ್ಪತ್ತು ಮಾಡತೈತೋ, ದಿನಾ ಉಪಾಸನ ಇರತೈತೋ?" ಎಂದು ಕೇಳಿದ. ಜೊತೆಗೆ ಬಂದಿದ್ದ ತಲಾಟಿ, ಊರಿನ ಜಮೀನು ಲೆಕ್ಕ ಬರೆಯುವವನು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ದೊಡ್ಡಪ್ಪನ ಹಣೆಯ ವಿಭೂತಿ ಬೆವರಿಗೆ ಇಳಿಯಿತು.

ಹಿತ್ತಲಿಗೆ ಬಂದರು. ಅವ್ವನ ಒಲೆ ಉರಿಯುತ್ತಿತ್ತು. ಗೋಡೆಗೆ ಹೊಗೆ ಹತ್ತಿ ಕಪ್ಪಾಗಿತ್ತು. ಗಡಿಗೆಯಲ್ಲಿ ಅಲಸಂದಿ ಕುದಿಯುತ್ತಿತ್ತು.

"ನೀವು ಬ್ಯಾರೆ ಅದೀರೇನವಾ?"

ಅವ್ವ ಸೆರಗು ಸರಿಮಾಡಿಕೊಂಡಳು. "ಅದೇನ್ರಿ."

"ನಿಮ್ಮ ಪಾಲಿಗೆ ಏನೇನ ಬಂದೈತಿ?"

"ಹಿತ್ತಲ ಹಿಂದಿನ ಗದ್ದಿರಿ, ಹಳ್ಳದ ದಂಡಿ ಹೊಲಾರಿ. ನಾ ಇದ ಒಲಿಮ್ಯಾಲೆ ಬೇಯಿಸಿಕೊಂಡು ಉಣ್ತೇನ್ರಿ."

"ಈ ಒಂದು ಒಲಿಯಂತೂ ಖರೇ ಐತಿ," ಎಂದ ಸಾಹೇಬ. ಒಂದು ಖರೇ ಸಿಕ್ಕರೆ ಅವನಿಗೂ ಸಾಕಾಗಿತ್ತೇನೋ, ದೊಡ್ಡಪ್ಪ ಮೊದಲೇ ಮಾತಾಡಿಟ್ಟಿದ್ದನೇನೋ, ದೇವರಿಗೇ ಗೊತ್ತು. ಅವ್ವನ ಒಲೆಯ ಹೊಗೆಯಲ್ಲಿ ಉಳಿದೆರಡರ ಸುಳ್ಳೂ ಮುಚ್ಚಿಹೋಯಿತು. ನಾಲ್ಕು ಪಾಲು ಎಂದು ಬರೆದುಕೊಂಡು ಹೋದ. ಗಂಡಸರೆಲ್ಲ ಹಿಗ್ಗಿದರು. ಪಾಠ ಚಲೋ ಒಪ್ಪಿಸಿದೆ ವೈನಿ, ಎಂದು ಕಾಕಾ ಬೆನ್ನು ತಟ್ಟುವವರಂತೆ ಹೇಳಿದರು. ಅವ್ವ ಅಲಸಂದಿ ಕಾಳು ಹಿಚುಕಿ ನೋಡಿದಳು.

ಬೇಸಿಗೆಯಲ್ಲಿ ಆರ್ಡರ್ ಬಂತು. ಮರುದಿನವೇ ದೊಡ್ಡಪ್ಪ ಎರಡು ಒಲೆ ಒಡೆಸಿ ಹಾಕಿದ. ಮೂರನೆಯದಕ್ಕೆ ಹೋದರೆ ಅದು ಉರಿಯುತ್ತಿತ್ತು. ಆರಲಿ ಎಂದು ಕಾದ. ಅದು ಆರಲೇ ಇಲ್ಲ.

ಉರಿಯುವ ಒಲೆ ಕೆಡವಲು ನಮ್ಮ ಮನೆಯಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಕಾಲು ತಾಗಿದರೂ ಮುಟ್ಟಿ ನಮಸ್ಕಾರ ಮಾಡುತ್ತಾರೆ. ಒಲೆಗೆ ನೀರು ಹಾಕಿ ಆರಿಸುವುದು ಮನೆಯಲ್ಲಿ ಸಾವಾದಾಗ ಮಾತ್ರ. ಇದು ಅವ್ವನಿಗೂ ಗೊತ್ತು, ದೊಡ್ಡಪ್ಪನಿಗೂ ಗೊತ್ತು. ಅವ್ವ ಒಂದು ಕೊರಡು ಮುಗಿಯುವ ಮೊದಲೇ ಇನ್ನೊಂದು ದೂಡುತ್ತಿದ್ದಳು. ಮಲಗುವಾಗ ಕೆಂಡಕ್ಕೆ ಬೂದಿ ಮುಚ್ಚಿ, ಎದ್ದ ಕೂಡಲೇ ಊದಿ ಎಬ್ಬಿಸುತ್ತಿದ್ದಳು. ಸಹಿಯ ಕಾಗದ ತಂದರೆ, "ಕೈ ಬಿಡುವಿಲ್ರಿ," ಎನ್ನುತ್ತಿದ್ದಳು. ದೊಡ್ಡಪ್ಪ ಹಲ್ಲು ಕಡಿದ. ಕಡೆಗೆ ಬೆಳಗಾವಿಗೆ ಹೇಳಿಕಳಿಸಿದ. ಕಾಕಾ ನನ್ನನ್ನು ಕರೆದುಕೊಂಡು ಹೊರಟರು, ಮಗಳು ಹೇಳಿದರೆ ಅವ್ವ ಕೇಳುತ್ತಾಳೆ ಎಂದು.

ನಾವು ಹೋದ ದಿನ ನಂದಗಡದ ಸಂತೆ. ಮನೆಯ ಮುಂದಿನ ಹಾದಿಯ ತುಂಬ ಮಂದಿ. ಕಾಕಾ ನೇರ ಹಿತ್ತಲಿಗೆ ಬಂದು, ಮಾಡಿನ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತರು. ಹಿಂದೆ ದೊಡ್ಡಪ್ಪ, ದೊಡ್ಡವ್ವ, ಹಾರೆ ಹಿಡಿದ ಗುರುಪುತ್ರಪ್ಪ. ಒಲೆಯ ಮೇಲೆ ಅವ್ವನ ಅನ್ನ ಅರೆಬೆಂದಿತ್ತು.

"ವೈನಿ, ಏನಿದು ಹಟಾ? ಸಹಿ ಮಾಡು. ಮನಿತನ ಒಡೀಬಾರ್ದು. ಕೂಡಿ ಇದ್ರ ಬಲಾ."

ಅವ್ವ ಊದುಗೊಳವೆ ಕೆಳಗಿಟ್ಟಳು. "ಉಳವಪ್ಪಾ, ನೀ ಸಾಲಿಗೆ ಹೋಗುವಾಗ ಬುತ್ತಿ ಯಾರ ಕಟ್ಟತಿದ್ರು?"

"ನೀನ, ವೈನಿ. ನಾ ಇಲ್ಲ ಅನ್ನಾಂಗಿಲ್ಲ."

"ಭತ್ತಾ ಮಾರಿ ನಿನ್ನ ಕಾಲೇಜು ಕಲಿಸ್ಯಾರ. ಆ ಭತ್ತಾ ನಾಟಿ ಯಾರ ಹಚ್ಯಾರ? ನಾನೂ ಭೀಮಕ್ಕಾನೂ. ಅದಕ್ಕ ಪಗಾರ ಬೇಡೀನೇನು? ಇಲ್ಲ. ಈಗೂ ಬೇಡಾಕತ್ತಿಲ್ಲ. ಈ ಒಲಿ ನಾ ಕೇಳಿದ್ದಲ್ಲ, ನೀವ ಕೊಟ್ಟದ್ದು. ಸರ್ಕಲ್ ಮುಂದ ಖರೇ ಅಂದ್ರಿ. ಆಗ ಖರೇ ಇದ್ದದ್ದು ಈಗ ಸುಳ್ಳು ಹೆಂಗಾಕ್ಕೈತಿ?"

ಇಷ್ಟು ವರ್ಷ ದೊಡ್ಡಪ್ಪನ ಎದುರು ಅವ್ವನ ದನಿ ಹೊರಟದ್ದನ್ನು ನಾನು ಕೇಳಿರಲಿಲ್ಲ. ದೊಡ್ಡಪ್ಪನೂ ಕೇಳಿರಲಿಲ್ಲ. "ಬಾಯಿ ಬಂತಲ್ಲೋ ಇಕಿಗೆ! ಸಾಕಿ ಸಲಹಿದ್ದಕ್ಕ ಇದ ಬಂತೇನು!" ಎಂದು ಕೂಗಿದ.

"ನೀಲಾ, ನೀ ಹೇಳು ನಿಮ್ಮವ್ವಗ," ಎಂದರು ಕಾಕಾ.

ಹೇಳಿದೆ. "ಕಾಕಾ, ಹೆಣ್ಣು ಪಗಾರ ಇಲ್ಲದ ಕೂಲಿಕಾರ್ತಿ ಅಂತ ಹುಡುಗೂರಿಗೆ ಹೇಳ್ತೀರಿ. ಆ ಕೂಲಿಕಾರ್ತಿ ನಿಮ್ಮ ಮುಂದ ಕುಂತಾಳ. ಆಕೀಗೂ ಅಷ್ಟ ಹೇಳ್ರಿ, ಬರ್ರಿ."

"ಉಂಡ ಮನಿ ಜಂತಿ ಎಣಸಬ್ಯಾಡ!" ಎಂದು ಅವರು ನನ್ನ ಮೇಲೆ ಹರಿಹಾಯ್ದರು. ಕಾಲೇಜಿನ ಮಾತು ಆ ಬಾಯಿಂದ ಎಲ್ಲಿ ಹೋಯಿತೋ, ಥೇಟ್ ದೊಡ್ಡಪ್ಪನ ದನಿ.

ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಏನರ ಮಾಡು ತಮ್ಮಾ. ಉರಿಯೂ ಒಲಿಗೆ ನಾ ಕೈ ಹಚ್ಚಾಂವಲ್ಲ. ಪಾಪ ಬರತೈತಿ."

"ಇವೆಲ್ಲಾ ಮೂಢನಂಬಿಕಿ, ಅಣ್ಣಾ," ಎಂದರು ಕಾಕಾ.

ಎದ್ದರು. ಬಚ್ಚಲ ಕಟ್ಟೆಯ ಮೇಲಿದ್ದ ತುಂಬಿದ ಕೊಡ ಎತ್ತಿದರು. ಒಲೆಯ ಬಾಯಿಗೆ ಸುರಿದರು.

ಚುಸ್ಸೆಂದು ಬೂದಿ ಮೇಲೆದ್ದು ಅವ್ವನ ಮುಖ, ತಲೆ, ಅರೆಬೆಂದ ಅನ್ನ ಎಲ್ಲದರ ಮೇಲೆ ಬಿತ್ತು. ದೊಡ್ಡವ್ವ ಎದೆ ಬಡಿದುಕೊಂಡು, "ಸಾವಿಲ್ಲದ ಮನ್ಯಾಗ ಒಲಿಗೆ ನೀರ ಹಾಕಿದ್ಯೋ!" ಎಂದು ಚೀರಿದಳು. ಗುರುಪುತ್ರಪ್ಪ ಹಾರೆ ಬೀಸಿದ. ಹಸಿಯಾದ ಮಣ್ಣು ಒಂದೇ ಪೆಟ್ಟಿಗೆ ಕುಸಿಯಿತು.

ದೇವರಿಗೆ ಹೆದರುವ ದೊಡ್ಡಪ್ಪ ಮಾಡಲಾರದ್ದನ್ನು ದೇವರಿಲ್ಲ ಎನ್ನುವ ಕಾಕಾ ದೊಡ್ಡಪ್ಪನ ಸಲುವಾಗಿ ಮಾಡಿಕೊಟ್ಟರು. ಇಷ್ಟು ಪುಸ್ತಕ ಓದಿದ್ದು, ಇಷ್ಟು ರವಿವಾರ ಮಾತಾಡಿದ್ದು, ಈ ಒಂದು ಕೊಡ ನೀರಿಗೆ! ಅವರ ಕ್ರಾಂತಿ ಯಾರ ಮನೆಯ ಗೋಡೆಯನ್ನೂ ಕೆಡವಲಿಲ್ಲ. ತಮ್ಮ ಕೈಯಾರೆ ಆರಿಸಿದ್ದು ತಮಗೆ ಬುತ್ತಿ ಕಟ್ಟಿದವಳ ಒಲೆ. ನಾನು ಆ ಕೊಡ ಕಸಿದು ಎಸೆದೆ. ಏನೇನು ಬೈದೆನೋ ನೆನಪಿಲ್ಲ. ಬೈದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಅವ್ವ ಎದ್ದಳು. ಹಂಚು, ಗಡಿಗೆ, ಹಿಟ್ಟಿನ ಡಬ್ಬಿ ಬುಟ್ಟಿಗೆ ಹಾಕಿ ತಲೆಯ ಮೇಲಿಟ್ಟುಕೊಂಡಳು. "ನಡಿ," ಎಂದಳು ನನಗೆ. ಹಿತ್ತಲ ಬಾಗಿಲಿಂದ ಹೋಗಲಿಲ್ಲ. ದೊಡ್ಡಪ್ಪನ ಪಡಸಾಲೆ ದಾಟಿ, ಮುಂಬಾಗಿಲಿಂದ ಇಳಿದು, ಸಂತೆಯ ನಡುವೆ ಹಾಯ್ದು ಹೋದಳು. ಮುಖದ ಬೂದಿ ಒರೆಸಿಕೊಳ್ಳಲಿಲ್ಲ. ಮೆಣಸಿನಕಾಯಿ ಮಾರುವವರು ತಕ್ಕಡಿ ಹಿಡಿದ ಕೈ ಹಾ‌ಗೇ ನಿಲ್ಲಿಸಿದರು. ಯಾರೋ ಮರಾಠಿಯಲ್ಲಿ ಕೇಳಿದರು, ಕಾಯ್ ಝಾಲಂ ಬಾಯಿ, ಏನಾಯಿತವ್ವಾ ಎಂದು. "ನಮ್ಮ ಮನ್ಯಾಗ ಒಲಿಗೆ ನೀರ ಹಾಕ್ಯಾರ," ಎಂದಳು ಅವ್ವ ಗಟ್ಟಿಯಾಗಿ. "ಸತ್ತಾಂವ ಯಾರು ಅಂತ ಅವರನ್ನ ಕೇಳ್ರಿ."

ಹಳ್ಳದ ದಂಡೆಯ ಹೊಲಕ್ಕೆ ಬಂದೆವು. ಕರೆಪ್ಪನ ಗುಡಿಸಲು ಅಲ್ಲೇ. ಅವ್ವ ಬದುವಿನಿಂದ ಮೂರು ಕಲ್ಲು ತಂದು ಹುಣಸೆಯ ನೆರಳಲ್ಲಿ ಹೂಡಿದಳು. ಆಮೇಲೆ ಗುಡಿಸಲ ಬಾಗಿಲಿಗೆ ಹೋಗಿ, "ಭೀಮಕ್ಕಾ, ಒಂದೀಟು ಕೆಂಡಾ ಕೊಡವಾ," ಎಂದಳು.

ಭೀಮಕ್ಕ ಹೊರಗೆ ಬಂದಳು. ಅವ್ವನ ಮುಖ ನೋಡಿದಳು, ಹೂಡಿದ ಕಲ್ಲು ನೋಡಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಕೆಂಡಾ ಕೊಡ್ತೇನ್ರಿ. ಆದ್ರ ಈ ಹೊಲಾ ಯಾರ್ದು, ಅದನ್ನ ಮೊದಲ ಹೇಳ್ರಿ. ಕಾಗದದಾಗ ನಿಮ್ಮ ಹೆಸರೈತಿ. ನನ್ನ ಕೆಂಡದ್ಲೆ ನನ್ನ ಮನಿ ಸುಡಾಕ ನಾ ಕೊಡಾಂಗಿಲ್ಲ."

ಅವ್ವನ ಕೈಯಲ್ಲಿ ಇದ್ದದ್ದೇ ಎರಡು ತುಂಡು ಭೂಮಿ. ಜೀವಮಾನದಲ್ಲಿ ಮೊದಲ ಸಲ ಸಿಕ್ಕದ್ದು, ಅದೂ ಆ ಮುಂಜಾನೆ ಬೂದಿ ಬಳಿಸಿಕೊಂಡು ಉಳಿಸಿಕೊಂಡದ್ದು. ಅವಳು ಏನು ಹೇಳುತ್ತಾಳೋ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳೂ ಒಬ್ಬ ಗುರುಪಾದಪ್ಪ ಆಗಿಬಿಟ್ಟರೆ?

"ಮಾಡಾಂವ ಕರೆಪ್ಪಾ. ಹೊಲಾ ಕರೆಪ್ಪಂದು," ಎಂದಳು ಅವ್ವ. "ಖಾನಾಪುರ ಕಚೇರ್ಯಾಗ ನಾನ ಬಂದು ಹೇಳ್ತೇನಿ. ನನಗ ಹಿತ್ತಲ ಗದ್ದಿ ಸಾಕು. ಅದನ್ನ ನಾ ಮಾಡೇನಿ, ಅದನ್ನ ಮಾತ್ರ ಯಾರಿಗೂ ಬಿಡಾಂಗಿಲ್ಲ."

ಭೀಮಕ್ಕ ಒಳಗೆ ಹೋಗಿ ಹಂಚಿನ ಬೋಕಿಯಲ್ಲಿ ಕೆಂಡ ತಂದಳು. ತಾನೇ ಕೂತು ಊದಿ ಹೊತ್ತಿಸಿದಳು.

ಮುಂದೆ ಅವ್ವ ಖಾನಾಪುರಕ್ಕೆ ಹೋಗಿ ಹೇಳಿದಳು. ದೊಡ್ಡಪ್ಪನ ವಕೀಲ ಆಕೆಗೆ ತಲೆ ಸರಿಯಿಲ್ಲ ಎಂದ. ತಲೆ ಸರಿಯಿಲ್ಲದವಳ ಒಲೆಯನ್ನು ತೋರಿಸಿ ನಾಲ್ಕು ಪಾಲು ಬರೆಸಿದ್ದೀರಲ್ಲ, ಹಾಗಾದರೆ ಅದೂ ರದ್ದಾಗಲೇ ಎಂದು ಕಚೇರಿಯವರು ಕೇಳಿದಾಗ ವಕೀಲ ಕೂತುಬಿಟ್ಟ. ಹೊಲ ಕರೆಪ್ಪನದಾಯಿತು. ಅವ್ವ ಗದ್ದೆಯ ಮೂಲೆಯಲ್ಲಿ ಒಂದು ಖೋಲಿ ಹಾಕಿಸಿಕೊಂಡು, ಕೋಡೊಲೆ ಹೂಡಿ, ತನ್ನ ಬಿಸಿ ರೊಟ್ಟಿ ತಾನು ಉಂಡಳು.

ಆದರೆ ನನಗೆ ಇವತ್ತಿಗೂ ಮರೆಯದಿರುವುದು ಅದಕ್ಕೂ ಮೊದಲಿನ, ಅವ್ವನ ಒಲೆ ಒಡೆದ ಮೇಲಿನ ಒಂದು ರವಿವಾರ. ಟ್ರಂಕು ತೆಗೆದುಕೊಂಡು ಹೋಗಲು ಬೆಳಗಾವಿಗೆ ಬಂದಿದ್ದೆ. ಪಡಸಾಲೆಯ ಬಾಗಿಲ ಮುಂದೆಲ್ಲ ಹುಡುಗರ ಚಪ್ಪಲಿ. ನಾನು ಹಿಂದಿನಿಂದ ಅಡುಗೆಮನೆಗೆ ಹೋದೆ. ಚಂದ್ರವ್ವ ಕಾಕು ಸ್ಟೋವಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾದ ನೀರಿಟ್ಟಿದ್ದಳು. ನನ್ನ ಮುಖ ನೋಡಿ, "ಏನಾತು?" ಎಂದಳು. ಮನೆಗೆ ಬಂದ ಗಂಡ ಆಕೆಗೆ ಏನೂ ಹೇಳಿರಲಿಲ್ಲ. ನಾನು ಎಲ್ಲ ಹೇಳಿದೆ.

"ಉರಿಯೂ ಒಲಿಗೆ?" ಎಂದಳು ಕಾಕು.

"ಹೌದ್ರಿ."

"ಅವರ? ತಮ್ಮ ಕೈಲೆ?"

"ತಮ್ಮ ಕೈಲೆ, ಕಾಕು. ಅನ್ನ ಇನ್ನೂ ಬೆಂದಿರಲಿಲ್ಲ."

ಕಾಕು ಬಗ್ಗಿ ಸ್ಟೋವಿನ ಗಾಳಿಯ ಕೀಲಿ ತಿರುವಿದಳು. ಭೋರ್ಗರೆಯುತ್ತಿದ್ದ ಸ್ಟೋವು ಉಸ್ಸೆಂದು ಆರಿತು. ಆ ಸದ್ದು ನಿಂತ ಕೂಡಲೇ ಪಡಸಾಲೆಯ ಮಾತು ಸ್ಪಷ್ಟವಾಗಿ ಕೇಳಿಸಿತು. "...ಈ ದುಡಿತದ ಪಗಾರ ಯಾರ ಕೊಡ್ತಾರ, ಹೇಳ್ರಿ?"

ಕಾಕು ಪಾತ್ರೆಯ ನೀರನ್ನು ಬಚ್ಚಲಿಗೆ ಚೆಲ್ಲಿದಳು. ಸೆರಗಿಗೆ ಕೈ ಒರೆಸಿಕೊಂಡು, "ಟ್ರಂಕಿನ ಆ ಕಡೆ ನೀ ಹಿಡಿ, ಈ ಕಡೆ ನಾ ಹಿಡೀತೇನಿ," ಎಂದಳು. ನಾವಿಬ್ಬರೂ ಟ್ರಂಕು ಹಿಡಿದು ಪಡಸಾಲೆಗೆ ಬಂದೆವು. ಹುಡುಗರು ಕಾಲು ಸರಿಸಿ ದಾರಿ ಬಿಟ್ಟರು.

ಕಾಕಾ ನನ್ನನ್ನು ನೋಡಿ ಒಂದು ಕ್ಷಣ ಗಲಿಬಿಲಿಯಾದರು. ಹುಡುಗರ ಮುಂದೆ ಅದನ್ನು ತೋರಿಸಬಾರದಲ್ಲ. ನಕ್ಕು ಕೇಳಿದರು: "ಏನ ನೀಲಾ, ಬಂದಿಯೇನು? ಚಾ ಆತೇನು?"

ಉತ್ತರ ಕೊಟ್ಟವಳು ಕಾಕು. ಆ ರವಿವಾರದ ಕೂಟದಲ್ಲಿ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು.

"ಚಾ ಇಲ್ರಿ. ಒಲಿ ಆರೈತಿ," ಎಂದಳು. "ಹೆಂಗ ಆರಸಬೇಕಂತ ಈ ಹುಡುಗೂರಿಗೂ ಹೇಳಿಕೊಡ್ರಿ. ನಂದಗಡದಾಗ ನೀವ ಮಾಡಿ ತೋರಿಸೀರಂತ."

ಟ್ರಂಕು ಭಾರವಾಗಿತ್ತು. ಹೊಸ್ತಿಲು ದಾಟಿಸಿ ಬಸ್ಸಿನ ಸ್ಟಾಂಡಿನವರೆಗೂ ಕಾಕು ಕೈ ಬಿಡದೆ ಹೊತ್ತಳು.